ಬೇರೆ ಕಂಪನಿಯ ವೈರ್‌ಲೆಸ್ ಗೇಮ್ ಕಂಟ್ರೋಲರ್: ಆರಿಸುವುದು, ಅಪ್‌ಗ್ರೇಡ್ ಮಾಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಗೇಮ್ ಆಡುವವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಎಲ್ಲ ಒಂದೇ ಕಡೆ ಇರಲಿ ಅಂತ ಬರೆದಿದ್ದೇನೆ. ದೊಡ್ಡ ಊರಿನವರಿಗೆ ಕೊಡುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಮಳೆ ಜಾಸ್ತಿ, ಉಪ್ಪು ಗಾಳಿ ಉಂಟು, ಸರ್ವಿಸ್ ಸೆಂಟರ್ ದೂರ. ಹಾಗಾಗಿ ನಾನು ಎರಡೇ ವಿಷಯವನ್ನು ಮೊದಲು ನೋಡುತ್ತೇನೆ: ಸ್ಟಿಕ್ (ಹೆಬ್ಬೆರಳಿನಲ್ಲಿ ತಿರುಗಿಸುವ ಕಡ್ಡಿ) ಬೇಗ ಹಾಳಾಗಬಾರದು, ಹಾಳಾದರೆ ಊರಿನಲ್ಲೇ ಬಿಚ್ಚಿ ಸರಿಮಾಡುವ ಹಾಗೆ ಇರಬೇಕು. ಬಣ್ಣ, ಲೈಟು, ಚಾರ್ಜಿಗೆ ಇಡುವ ಡಾಕ್ ಎಲ್ಲ ಆಮೇಲೆ.

ಬೇರೆ ಕಂಪನಿಯದ್ದು ಅಂದ್ರೆ ಡುಪ್ಲಿಕೇಟ್ ಅಲ್ವಾ?

ಅಲ್ಲ. ಇದನ್ನು ಮೂರು ಭಾಗ ಮಾಡಿ ನೋಡಬೇಕು. ಒಂದು, ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೋ ಇವರಿಂದ ಲೈಸೆನ್ಸ್ ತಗೊಂಡು ಬೇರೆಯವರು ಮಾಡುವ ಕಂಟ್ರೋಲರ್. ಎರಡು, ಲೈಸೆನ್ಸ್ ಇಲ್ಲದಿದ್ದರೂ ತಮ್ಮದೇ ಹೆಸರಿನಲ್ಲಿ, ತಮ್ಮದೇ ವಿನ್ಯಾಸದಲ್ಲಿ ಮಾಡಿ ಮಾರುವವರು. ಏಟ್‌ಬಿಟ್‌ಡೋ, ಗೇಮ್‌ಸರ್, ಗುಲಿಕಿಟ್, ಫ್ಲೈಡಿಜಿ ಇಂಥವರು ಚೀನಾದ ಕಂಪನಿಗಳು, ಕಾಸ್ಮಿಕ್ ಬೈಟ್, ರೆಡ್‌ಗಿಯರ್ ನಮ್ಮ ದೇಶದ ಹೆಸರುಗಳು. ಮೂರನೆಯದ್ದು ನಿಜವಾದ ಡುಪ್ಲಿಕೇಟ್: ಸೋನಿಯ ಡ್ಯುಯಲ್‌ಶಾಕ್ 4 (ಪ್ಲೇಸ್ಟೇಷನ್ 4ರ ಕಂಟ್ರೋಲರ್) ಥರವೇ ಕಾಣುವ, ಅದರದ್ದೇ ಹೆಸರು ಬರೆದ, ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲದ ಮಾಲು. ಬೇಡ ಅಂತ ನಾನು ಹೇಳುವುದು ಈ ಮೂರನೆಯದ್ದಕ್ಕೆ ಮಾತ್ರ.

ಎರಡನೇ ಗುಂಪಿನವರು ಎಷ್ಟೋ ವಿಷಯದಲ್ಲಿ ಅಸಲಿ ಕಂಪನಿಯವರಿಗಿಂತ ಮುಂದಿದ್ದಾರೆ. ಸುಮಾರು 6,000 ರೂಪಾಯಿಯ, ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಕಂಟ್ರೋಲರಿನಲ್ಲಿ ಇವತ್ತಿಗೂ ಸವೆಯುವ ಹಳೇ ಥರದ ಸ್ಟಿಕ್ಕೇ ಇರುವುದು. ಅದರ ಅರ್ಧ ಬೆಲೆಯ ಬೇರೆ ಕಂಪನಿಯದ್ದರಲ್ಲಿ ಸವೆಯದ ಮ್ಯಾಗ್ನೆಟ್ ಸ್ಟಿಕ್ ಸಿಗುತ್ತದೆ.

ಆರಿಸುವಾಗ ಮೊದಲು ಏನು ನೋಡಬೇಕು?

ನೀವು ಯಾವುದರಲ್ಲಿ ಆಡುತ್ತೀರಿ ಅನ್ನುವುದನ್ನು. ಬ್ರಾಂಡ್ ಆಮೇಲೆ. ಹಣ ನಷ್ಟ ಆಗುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಕಂಪ್ಯೂಟರ್ ಆದರೆ ಚಿಂತೆ ಇಲ್ಲ. ಹೆಚ್ಚುಕಮ್ಮಿ ಎಲ್ಲ ನಡೆಯುತ್ತದೆ. ಆಂಡ್ರಾಯ್ಡ್ ಫೋನ್, ಆಂಡ್ರಾಯ್ಡ್ ಟಿವಿಗೂ ಬ್ಲೂಟೂತ್ ಇದ್ದರೆ ಸಾಕು. ಐಫೋನ್‌ಗೆ ಆಪಲ್ 2019ರಲ್ಲಿ ಐಒಎಸ್ 13 ಜೊತೆ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳ ಬೆಂಬಲ ಕೊಟ್ಟಿತು. ಬೇರೆ ಕಂಪನಿಯದ್ದಾದರೆ ಪೆಟ್ಟಿಗೆಯ ಮೇಲೆ ಐಒಎಸ್ ಅಂತ ಬರೆದಿದೆಯಾ ನೋಡಿ.

ಪ್ಲೇಸ್ಟೇಷನ್ 5 ಇರುವವರು ಎಚ್ಚರವಾಗಿರಬೇಕು. ಪಿಎಸ್5ಕ್ಕೆಂದೇ ಬಂದ ಆಟಗಳಿಗೆ ಡ್ಯುಯಲ್‌ಸೆನ್ಸ್ ಅಥವಾ ಸೋನಿ ಲೈಸೆನ್ಸ್ ಇರುವ ಕಂಟ್ರೋಲರೇ ಬೇಕು. ಸೋನಿಯದ್ದೇ ಹಳೇ ಡ್ಯುಯಲ್‌ಶಾಕ್ 4 ಕೂಡ ಅಲ್ಲಿ ಪಿಎಸ್4 ಆಟಗಳಿಗೆ ಮಾತ್ರ. ನಡುವೆ ಅಡಾಪ್ಟರ್ ಹಾಕಿ ಆಡುವವರಿದ್ದಾರೆ, ಆದರೆ ಒಂದು ಅಪ್‌ಡೇಟ್ ಬಂದರೆ ಅದು ನಿಂತೇ ಹೋಗಬಹುದು. ನಾನು ಅದಕ್ಕೆ ದುಡ್ಡು ಹಾಕಲು ಹೇಳುವುದಿಲ್ಲ.

ಎಕ್ಸ್‌ಬಾಕ್ಸ್‌ನಲ್ಲೂ ಹಾಗೆಯೇ. ಆ ಕನ್ಸೋಲ್ ಕಂಟ್ರೋಲರ್ ಜೊತೆ ಬ್ಲೂಟೂತ್‌ನಲ್ಲಿ ಮಾತಾಡುವುದಿಲ್ಲ, ಮೈಕ್ರೋಸಾಫ್ಟಿನದ್ದೇ ಬೇರೆ ವೈರ್‌ಲೆಸ್ ಉಂಟು. 2023ರ ನವೆಂಬರ್‌ನಿಂದ ಲೈಸೆನ್ಸ್ ಇಲ್ಲದ ಕಂಟ್ರೋಲರ್, ಅಡಾಪ್ಟರ್‌ಗಳನ್ನು ಅದು ತಡೆಯಲೂ ಶುರು ಮಾಡಿತು. ಇನ್ನೊಂದು ಸೂಕ್ಷ್ಮ ಇದೆ. 'ಎಕ್ಸ್‌ಬಾಕ್ಸ್ ಲೈಸೆನ್ಸ್' ಅಂತಲೂ 'ವೈರ್‌ಲೆಸ್' ಅಂತಲೂ ಬರೆದಿರುವ ಕೆಲವು ಕಂಟ್ರೋಲರ್‌ಗಳು ಕಂಪ್ಯೂಟರಿಗೆ, ಫೋನಿಗೆ ಮಾತ್ರ ವೈರ್‌ಲೆಸ್. ಎಕ್ಸ್‌ಬಾಕ್ಸ್‌ಗೆ ವೈರ್ ಹಾಕಿಯೇ ಆಡಬೇಕು. ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ.

ನಿಂಟೆಂಡೋ ಸ್ವಿಚ್‌ಗೆ ಬೇರೆ ಕಂಪನಿಯವರದ್ದು ಬೇಕಾದಷ್ಟಿದೆ. ಕಂಟ್ರೋಲರಿನ ಗುಂಡಿ ಒತ್ತಿದರೆ ಕನ್ಸೋಲ್ ಏಳುತ್ತದಾ, ಕಂಟ್ರೋಲರ್ ವಾಲಿಸಿದ್ದನ್ನು ಗುರುತಿಸುವ ಜೈರೋ ಇದೆಯಾ, ಈ ಎರಡು ಕೇಳಿಕೊಳ್ಳಿ. ಸ್ವಿಚ್ 2 ಬಂದಾಗ, 2025ರ ಜೂನ್‌ನಲ್ಲಿ, ಹಳೇ ಕಂಟ್ರೋಲರ್‌ಗಳಲ್ಲಿ ಕೆಲವು ಹೊಸ ಫರ್ಮ್‌ವೇರ್ (ಕಂಟ್ರೋಲರಿನ ಒಳಗಿನ ಸಾಫ್ಟ್‌ವೇರ್) ಹಾಕಿದ ಮೇಲೆಯೇ ನಡೆದದ್ದು. ಹಾಗಾಗಿ ಪೆಟ್ಟಿಗೆಯ ಮೇಲೆ ಬರೀ 'ಸ್ವಿಚ್' ಅಂತ ಇದ್ದರೆ ಸ್ವಿಚ್ 2ಕ್ಕೂ ಆಗುತ್ತದೆ ಅಂತ ಭಾವಿಸಬೇಡಿ.

ಫೋನಿನಲ್ಲಿ ಬಿಜಿಎಂಐ ಆಡಲು ಕಂಟ್ರೋಲರ್ ತಗೊಳ್ಳಲಾ?

ಬೇಡ. ಆ ಆಟಕ್ಕೆ ಕಂಟ್ರೋಲರ್ ಬೆಂಬಲ ಇಲ್ಲ. ಸ್ಕ್ರೀನಿನ ಗುಂಡಿಗಳನ್ನು ಕಂಟ್ರೋಲರಿಗೆ ಹೊಂದಿಸುವ ಆ್ಯಪ್‌ಗಳನ್ನು ಹಾಕಿಕೊಂಡರೆ ಅಕೌಂಟ್ ಬ್ಯಾನ್ ಆಗುವ ಅಪಾಯ ಇದೆ. ಫೋನಿನಲ್ಲಿ ಎಮ್ಯುಲೇಟರ್ (ಹಳೇ ಕನ್ಸೋಲ್ ಆಟಗಳನ್ನು ಓಡಿಸುವ ಆ್ಯಪ್), ರೇಸಿಂಗ್, ಕ್ಲೌಡ್ ಗೇಮಿಂಗ್ ಇಂಥದ್ದು ಆಡುವುದಾದರೆ ಮಾತ್ರ ತಗೊಳ್ಳಿ.

ಡ್ರಿಫ್ಟ್ ಯಾಕೆ ಬರುತ್ತದೆ? ಹಾಲ್ ಎಫೆಕ್ಟ್, ಟಿಎಂಆರ್ ಅಂದರೆ ಏನು?

ಮುಟ್ಟದೆ ಇದ್ದರೂ ಆಟದೊಳಗಿನ ಮನುಷ್ಯ ತಾನಾಗಿ ನಡೆಯುವುದು, ಕ್ಯಾಮೆರಾ ಮೆಲ್ಲಗೆ ಒಂದು ಕಡೆ ತಿರುಗುವುದು, ಇದೇ ಡ್ರಿಫ್ಟ್. ಹಳೇ ಥರದ ಸ್ಟಿಕ್ಕಿನ ಒಳಗೆ ಎರಡು ಪೊಟೆನ್ಷಿಯೋಮೀಟರ್ ಇರುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಪ್ರತಿಯೊಂದರಲ್ಲೂ ಇಂಗಾಲದ ಒಂದು ತೆಳ್ಳಗಿನ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಹೋಗುವ ಲೋಹದ ಸಣ್ಣ ನಾಲಗೆ. ನಾಲಗೆ ಎಲ್ಲಿದೆ ಅನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಕಂಟ್ರೋಲರ್ ಅದನ್ನು ಓದುತ್ತದೆ. ಗಂಟೆಗಟ್ಟಲೆ ಆಡಿದ ಹಾಗೆ ಪಟ್ಟಿ ಸವೆಯುತ್ತದೆ, ಅದರ ಪುಡಿ ಅಲ್ಲೇ ಉಳಿಯುತ್ತದೆ. ನಾವು ಸ್ಟಿಕ್ಕನ್ನು ಜಾಸ್ತಿ ಹೊತ್ತು ಬಿಟ್ಟಿರುವುದು ನಡುವೆ ಅಲ್ವಾ, ಆ ನಡುವಿನ ಜಾಗವೇ ಮೊದಲು ಕೆಡುವುದು.

ಹಾಲ್ ಎಫೆಕ್ಟ್ ಸ್ಟಿಕ್ಕಿನಲ್ಲಿ ಈ ಉಜ್ಜಾಟವೇ ಇಲ್ಲ. ಸ್ಟಿಕ್ಕಿನ ಜೊತೆ ಒಂದು ಪುಟ್ಟ ಆಯಸ್ಕಾಂತ ತಿರುಗುತ್ತದೆ, ಪಕ್ಕದಲ್ಲಿರುವ ಸೆನ್ಸರ್ ಅದರ ಕ್ಷೇತ್ರವನ್ನು ಅಳೆಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವ ಪಟ್ಟಿಯ ಮಾತೂ ಇಲ್ಲ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಇದು. ಗೇಮ್ ಕಂಟ್ರೋಲರಿಗೂ ಹೊಸತಲ್ಲ. ಸೆಗಾ ಕಂಪನಿ ತನ್ನ ಸ್ಯಾಟರ್ನ್ ಕನ್ಸೋಲ್‌ಗೆ 1996ರಲ್ಲಿ ತಂದ 3ಡಿ ಪ್ಯಾಡ್‌ನಲ್ಲಿ ಇದು ಇತ್ತು, ಆಮೇಲೆ ಡ್ರೀಮ್‌ಕಾಸ್ಟ್‌ನಲ್ಲೂ ಇತ್ತು. ಅಷ್ಟು ಹಿಂದೆ ಸಾಧ್ಯ ಆದದ್ದನ್ನು ದೊಡ್ಡ ಕಂಪನಿಗಳು ಇಷ್ಟು ವರ್ಷ ಬಿಟ್ಟು, ಸವೆಯುವ ಸ್ಟಿಕ್ಕನ್ನೇ ಮಾರಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗದ ವಿಷಯ.

ಟಿಎಂಆರ್ ಕೂಡ ಆಯಸ್ಕಾಂತದ್ದೇ, ಸೆನ್ಸರ್ ಬೇರೆ. ಸಿಗ್ನಲ್ ಬಲವಾಗಿ ಬರುತ್ತದೆ, ಕರೆಂಟು ಕಮ್ಮಿ ಸಾಕು. ವೈರ್‌ಲೆಸ್‌ಗೆ ಅದು ಒಳ್ಳೆಯದೇ. ಆದರೆ ಹಾಲ್ ಇರುವ ಒಳ್ಳೇ ಕಂಟ್ರೋಲರ್ ಕೈಯಲ್ಲಿದ್ದರೆ ಟಿಎಂಆರ್‌ಗೋಸ್ಕರ ಅದನ್ನು ಬದಲಿಸಬೇಕಾಗಿಲ್ಲ. ಹೊಸತಾಗಿ ಕೊಳ್ಳುವಾಗ ಎರಡಕ್ಕೂ ಬೆಲೆ ಹತ್ತಿರ ಇದ್ದರೆ ಟಿಎಂಆರ್ ತಗೊಳ್ಳಿ, ಅಷ್ಟೇ.

ಇನ್ನೊಂದು ಮಾತು. ಮ್ಯಾಗ್ನೆಟ್ ಸ್ಟಿಕ್ಕಿಗೆ ಡ್ರಿಫ್ಟ್ ಬರುವುದೇ ಇಲ್ಲ ಅಂತ ಮಾರುವವರು ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಸ್ಟಿಕ್ಕನ್ನು ನಡುವಿಗೆ ತರುವ ಸ್ಪ್ರಿಂಗ್ ಇಲ್ಲೂ ಉಂಟು. ಅದು ಸಡಿಲ ಆದರೆ ನಡು ತಪ್ಪುತ್ತದೆ. ಹೆಚ್ಚಿನ ಸಲ ಕ್ಯಾಲಿಬ್ರೇಟ್ ಮಾಡಿದರೆ, ಅಂದರೆ ನಡು ಎಲ್ಲಿ ಅಂತ ಕಂಟ್ರೋಲರಿಗೆ ಪುನಃ ಹೇಳಿಕೊಟ್ಟರೆ, ಸರಿಹೋಗುತ್ತದೆ.

ಟ್ರಿಗರ್ ಬಗ್ಗೆ ಯಾರೂ ಹೇಳುವುದಿಲ್ಲ. ಅದರಲ್ಲಿ ಏನು ನೋಡಬೇಕು?

ಟ್ರಿಗರ್ ಅಂದರೆ ತೋರುಬೆರಳಿನಲ್ಲಿ ಒತ್ತುವ, ಮೇಲಂಚಿನ ಗುಂಡಿ. ಕಾರ್ ರೇಸ್ ಆಡುವವರಿಗೆ ಅನಲಾಗ್ ಟ್ರಿಗರ್ ಬೇಕೇ ಬೇಕು, ಅಂದರೆ ಎಷ್ಟು ಒತ್ತಿದಿರೋ ಅಷ್ಟೇ ವೇಗ. ಬರೀ ಆನ್-ಆಫ್ ಟ್ರಿಗರ್ ಇರುವ ಕಂಟ್ರೋಲರ್‌ನಲ್ಲಿ ಕಾರು ಒಂದಾ ಪೂರ್ತಿ ಓಡುತ್ತದೆ, ಇಲ್ಲಾ ನಿಲ್ಲುತ್ತದೆ. ಸ್ವಿಚ್‌ಗೆಂದೇ ಮಾಡಿದ ಕಂಟ್ರೋಲರ್‌ಗಳಲ್ಲಿ ಇದು ಸಾಮಾನ್ಯ, ಯಾಕಂದ್ರೆ ಸ್ವಿಚ್ಚಿನ ಸ್ವಂತ ಕಂಟ್ರೋಲರ್ ಕೂಡ ಹಾಗೆಯೇ ಇರುವುದು. ಶೂಟಿಂಗ್ ಆಡುವವರಿಗೆ ತದ್ವಿರುದ್ಧ, ಸ್ವಲ್ಪ ಒತ್ತಿದರೆ ಗುಂಡು ಹಾರಬೇಕು. ಎರಡೂ ಆಡುವವರು ಹಿಂದೆ ಟ್ರಿಗರ್ ಲಾಕ್ (ಟ್ರಿಗರ್ ಎಷ್ಟು ಒಳಗೆ ಹೋಗಬೇಕು ಅಂತ ಬದಲಿಸುವಂಥದ್ದು) ಇರುವ ಕಂಟ್ರೋಲರ್ ನೋಡಿ.

ಬ್ಲೂಟೂತಾ, ಡಾಂಗಲ್ಲಾ?

ಕಂಪ್ಯೂಟರಿಗಾದರೆ ಡಾಂಗಲ್, ಅಂದರೆ ಕಂಟ್ರೋಲರ್ ಜೊತೆ ಬರುವ, ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಸಣ್ಣ ರಿಸೀವರ್. ಎರಡೂ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲೇ. ಆದರೆ ಡಾಂಗಲ್ ಆ ಒಂದು ಕಂಟ್ರೋಲರಿಗೋಸ್ಕರವೇ ಮಾಡಿದ್ದು. ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪಿನ ಚಿಪ್ಪು ಹೇಗಿದೆ, ಇಯರ್‌ಫೋನ್ ಕೂಡ ಅದರಲ್ಲೇ ಜೋಡಿಸಿದ್ದೀರಾ, ಇದರ ಮೇಲೆಲ್ಲ ಹೋಗುತ್ತದೆ. ಫೋನು, ಟಿವಿಗೆ ಬ್ಲೂಟೂತ್ ಸಾಕು.

ಪೆಟ್ಟಿಗೆಯ ಮೇಲೆ 1000 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಕಂಟ್ರೋಲರ್ ಸೆಕೆಂಡಿಗೆ ಎಷ್ಟು ಸಲ ತನ್ನ ಸ್ಥಿತಿಯನ್ನು ಕಂಪ್ಯೂಟರಿಗೆ ತಿಳಿಸುತ್ತದೆ ಅನ್ನುವ ಲೆಕ್ಕ ಅದು. 125 ಹರ್ಟ್ಸ್ ಅಂದರೆ 8 ಮಿಲಿಸೆಕೆಂಡಿಗೊಮ್ಮೆ, 250 ಅಂದರೆ 4, 1000 ಅಂದರೆ 1. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಇರುವುದೇ 16.7 ಮಿಲಿಸೆಕೆಂಡ್. ಹಾಗಾಗಿ 125ರಿಂದ 250ಕ್ಕೆ ಹೋದರೆ ಸ್ವಲ್ಪ ಲಾಭ, 500ರಿಂದ 1000ಕ್ಕೆ ಹೋದರೆ ಕೈಗೆ ಗೊತ್ತಾಗುವುದು ಕಷ್ಟ. ಕೆಲವು ಕಂಟ್ರೋಲರ್‌ಗಳಲ್ಲಿ ಆ 1000 ವೈರ್ ಹಾಕಿದಾಗ ಮಾತ್ರ ಸಿಗುವುದು, ಇದನ್ನು ಕೇಳಿಕೊಳ್ಳಿ. ಗುಂಡಿ ಒತ್ತಿದ್ದನ್ನು ಒಳಗಿನ ಚಿಪ್ಪು ಓದಿ ಕಳಿಸಲು ತಗೊಳ್ಳುವ ಹೊತ್ತು ಬೇರೆಯೇ ಇದೆ. ಅದು ಈ ಅಂಕಿಯಲ್ಲಿ ಕಾಣುವುದಿಲ್ಲ.

ಡಾಂಗಲ್ ಹಾಕಿಯೂ ನಡುನಡುವೆ ಕಟ್ ಆಗುತ್ತದೆ. ಕಂಟ್ರೋಲರ್ ಹಾಳಾ?

ಹೆಚ್ಚಾಗಿ ಅಲ್ಲ. ಡಾಂಗಲ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ. ಸಿಪಿಯು ಹಿಂದಿನ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಾ? ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಹತ್ತಿರವೇ ರೇಡಿಯೋ ಗದ್ದಲ ಹೊರಡುತ್ತದೆ. 2012ರಲ್ಲೇ ಇಂಟೆಲ್ ಇದರ ಬಗ್ಗೆ ವರದಿ ಬರೆದಿದೆ. ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದ್ದರಂತೂ ಇನ್ನೂ ಜಾಸ್ತಿ. ಒಂದು ಗೇಣು ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಗೊಂಡು ಡಾಂಗಲ್ಲನ್ನು ಮೇಜಿನ ಮೇಲೆ, ನಿಮ್ಮ ಕಣ್ಣಿಗೆ ಕಾಣುವ ಹಾಗೆ ಇಡಿ. ನನ್ನ ಹತ್ತಿರ 'ಕಂಟ್ರೋಲರ್ ಹಾಳು' ಅಂತ ತಂದವುಗಳಲ್ಲಿ ಎಷ್ಟೋ ಈ ಒಂದು ಕೇಬಲ್‌ನಿಂದಲೇ ಸರಿಹೋಗಿವೆ.

ಆಟದಲ್ಲಿ ಗುಂಡಿಗಳೆಲ್ಲ ಅದಲುಬದಲು. ಯಾಕೆ?

ಮೋಡ್ ತಪ್ಪಿದೆ. ವಿಂಡೋಸ್ ಆಟಗಳಿಗೆ ಎಕ್ಸ್‌ಇನ್‌ಪುಟ್ ಮೋಡ್ ಬೇಕು, ಎಕ್ಸ್‌ಬಾಕ್ಸ್ 360 ಕಾಲದಿಂದ ಬಂದ ಪದ್ಧತಿ ಅದು. ಡಿಇನ್‌ಪುಟ್ ಅಥವಾ ಸ್ವಿಚ್ ಮೋಡಿನಲ್ಲಿ ಆನ್ ಮಾಡಿದ್ದರೆ ಎ ಜಾಗದಲ್ಲಿ ಬಿ ಬರುತ್ತದೆ. ಕಂಟ್ರೋಲರಿನ ಹಿಂದಿರುವ, ಮೋಡ್ ಬದಲಿಸುವ ಗುಂಡಿ ಸರಿಸಿ ಅಥವಾ ಕೈಪಿಡಿಯಲ್ಲಿ ಹೇಳಿದ ಎರಡು ಗುಂಡಿಗಳನ್ನು ಒಟ್ಟಿಗೆ ಹಿಡಿದು ಆನ್ ಮಾಡಿ. ಸ್ಟೀಮ್ (ಕಂಪ್ಯೂಟರ್ ಆಟ ಕೊಂಡು ಆಡುವ ಆ್ಯಪ್) ಆದರೆ ಅದರ ಸೆಟ್ಟಿಂಗ್‌ನಲ್ಲೇ ಗುಂಡಿಗಳನ್ನು ಬೇಕಾದ ಹಾಗೆ ಬದಲಿಸಿಕೊಳ್ಳಬಹುದು.

ಹಿಂದಿನ ಗುಂಡಿಗಳು, ಜೈರೋ, ಇವೆಲ್ಲ ಬೇಕಾ?

ಹಿಂದಿನ ಗುಂಡಿ ಬೇಕು ಅಂತ ನನ್ನ ಅಭಿಪ್ರಾಯ. ಬಲ ಹೆಬ್ಬೆರಳನ್ನು ಸ್ಟಿಕ್ಕಿನಿಂದ ತೆಗೆಯದೆ ಹಾರಬಹುದು, ರೀಲೋಡ್ ಮಾಡಬಹುದು. ಆದರೆ ಎಕ್ಸ್‌ಇನ್‌ಪುಟ್‌ನಲ್ಲಿ ಅವುಗಳಿಗೆ ಸ್ವಂತ ಹೆಸರಿಲ್ಲ. ಇರುವ ಗುಂಡಿಗಳಲ್ಲೇ ಒಂದರ ನಕಲಾಗಿ ಕೆಲಸ ಮಾಡುತ್ತವೆ. ಜೈರೋ ಕಂಪ್ಯೂಟರಿನಲ್ಲಿ ಸ್ಟೀಮ್ ಮೂಲಕ ಗುರಿ ಇಡಲು ಚೆನ್ನ, ಒಮ್ಮೆ ಅಭ್ಯಾಸ ಆದರೆ ಬಿಡಲು ಮನಸ್ಸಾಗುವುದಿಲ್ಲ. ಫೈಟಿಂಗ್ ಆಟ ಆಡುವವರು ಇವೆರಡನ್ನೂ ಬಿಟ್ಟು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಗುಂಡಿ) ಹೇಗಿದೆ ಅಂತ ನೋಡಿ.

ಬ್ಯಾಟರಿ ವಿಷಯದಲ್ಲಿ ಏನು ಗಮನಿಸಬೇಕು?

ಒಳಗೆ ಲಿಥಿಯಂ ಬ್ಯಾಟರಿ ಇದ್ದರೆ ಅದು ವೈರಿನ ತುದಿಯಲ್ಲಿ ಸಣ್ಣ ಕನೆಕ್ಟರ್ ಇರುವಂಥದ್ದಾ, ನೇರ ಬೋರ್ಡಿಗೆ ಬೆಸುಗೆ ಹಾಕಿದ್ದಾ ಅಂತ ಯಾರಾದರೂ ಬಿಚ್ಚಿ ತೋರಿಸಿದ ವೀಡಿಯೋ ಹುಡುಕಿ ನೋಡಿ. ಕನೆಕ್ಟರ್ ಇದ್ದರೆ ಕೆಲವು ವರ್ಷದ ಮೇಲೆ ನೀವೇ ಬದಲಿಸಬಹುದು. ಆಗ ಹೊಸ ಬ್ಯಾಟರಿಯ ಕೆಂಪು-ಕಪ್ಪು ವೈರುಗಳು ಹಳೆಯದ್ದರ ಕಡೆಯೇ ಇವೆಯಾ ಅಂತ ಹಾಕುವ ಮೊದಲು ನೋಡಲೇಬೇಕು. ಒಂದೇ ಥರದ ಕನೆಕ್ಟರ್ ಉಲ್ಟಾ ವೈರಿನಲ್ಲೂ ಬರುತ್ತದೆ. ಉಲ್ಟಾ ಸಿಕ್ಕಿಸಿದರೆ ಬೋರ್ಡೇ ಸುಟ್ಟೀತು.

ಫೋನಿನ ಫಾಸ್ಟ್ ಚಾರ್ಜರಿನಲ್ಲಿ ಹಾಕಬಹುದಾ ಅಂತ ಕೇಳುತ್ತಾರೆ. ಪಿಡಿ (ಪವರ್ ಡೆಲಿವರಿ) ಅಂತ ಬರೆದಿರುವ ಟೈಪ್-ಸಿ ಚಾರ್ಜರ್ ಎದುರಿನ ಸಾಧನ ಕೇಳದೆ 5 ವೋಲ್ಟಿಗಿಂತ ಜಾಸ್ತಿ ಕೊಡುವುದಿಲ್ಲ, ಹೆದರಬೇಡಿ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ ಕೆಲವು ಅಗ್ಗದ ಕಂಟ್ರೋಲರ್‌ಗಳು ಚಾರ್ಜೇ ಆಗುವುದಿಲ್ಲ. ಪೋರ್ಟಿನ ಹತ್ತಿರ ಇರಬೇಕಾದ ಎರಡು ಸಣ್ಣ ರೆಸಿಸ್ಟರ್‌ಗಳನ್ನು ತಯಾರಿಸಿದವರು ಹಾಕಿರುವುದಿಲ್ಲ, ಅದೇ ಕಾರಣ. ಚಾರ್ಜರಿನ ಕಡೆ ಹಳೇ ಅಗಲದ ಯುಎಸ್‌ಬಿ ತುದಿ ಇರುವ ಕೇಬಲ್ ಹಾಕಿದರೆ ಆಗುತ್ತದೆ.

ತಿಂಗಳುಗಟ್ಟಲೆ ಆಡದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ. ಪೂರ್ತಿ ಖಾಲಿ ಮಾಡಿ ಇಟ್ಟರೆ ಲಿಥಿಯಂ ಬ್ಯಾಟರಿ ಸಾಯುತ್ತದೆ.

ನಮ್ಮ ಮಳೆಗಾಲದಲ್ಲಿ ಕಂಟ್ರೋಲರ್ ಹೇಗೆ ಕಾಪಾಡುವುದು?

ಇದಕ್ಕೆ ಉದ್ದವಾಗಿಯೇ ಬರೆಯುತ್ತೇನೆ. ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಕಂಟ್ರೋಲರಿಗೆ ಮಾತ್ರ ಏನೂ ಆಗಬಾರದು ಅಂದರೆ ಹೇಗೆ?

ಮೊದಲು ಕೆಡುವುದು ಹೊರಗಿನ ಮೆತ್ತಗಿನ ಲೇಪ. ಕೆಲವು ಕಂಟ್ರೋಲರ್‌ಗಳಿಗೆ ರಬ್ಬರಿನ ಹಾಗೆ ನಯವಾಗಿರುವ ಒಂದು ಪದರ ಬಳಿದಿರುತ್ತಾರೆ. ಅಂಗಡಿಯಲ್ಲಿ ಮುಟ್ಟಿದಾಗ ತುಂಬ ಚೆಂದ. ಆ ಪದರ ಗಾಳಿಯ ತೇವ ಹೀರಿ ಮೆಲ್ಲಮೆಲ್ಲ ಒಡೆಯುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಹಲಸಿನ ಮೇಣ ಹಚ್ಚಿದ ಹಾಗೆ ಕೈಗೆ ಅಂಟಲು ಶುರು. ಬೆರಳಿನ ಗುರುತು ಮೂಡುತ್ತದೆ, ಧೂಳು ಕೂತು ಕಪ್ಪಾಗುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ, ಯಾಕಂದ್ರೆ ಅಂಟುತ್ತಿರುವುದು ಕೊಳೆ ಅಲ್ಲ, ಪದರವೇ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಉಜ್ಜಿ ಪದರವನ್ನು ಪೂರ್ತಿ ತೆಗೆದುಬಿಡುವುದೇ ದಾರಿ. ಅದಕ್ಕೇ ಹೇಳುವುದು, ಕೊಳ್ಳುವಾಗಲೇ ಬರೀ ಪ್ಲಾಸ್ಟಿಕ್ಕಿನದ್ದು ತಗೊಳ್ಳಿ. ಹಿಡಿತಕ್ಕೆ ಪ್ಲಾಸ್ಟಿಕ್ಕಿನಲ್ಲೇ ಸಣ್ಣ ಸಣ್ಣ ಚುಕ್ಕಿ ಕೊರೆದಿರುತ್ತಾರಲ್ಲ, ಅಂಥದ್ದು ನಮ್ಮ ಹವೆಗೆ ಚೆನ್ನಾಗಿ ಬಾಳುತ್ತದೆ.

ಆಮೇಲೆ ತುಕ್ಕು. ಸಾದಾ ಎಎ ಬ್ಯಾಟರಿ ಹಾಕುವ ಕಂಟ್ರೋಲರ್ ಆದರೆ ಆಡದ ದಿನಗಳಲ್ಲಿ ಬ್ಯಾಟರಿ ತೆಗೆದಿಡಿ. ಸೋರಿದರೆ ಸ್ಪ್ರಿಂಗಿನ ಮೇಲೆ ಹಸಿರು ಹಿಡಿಯುತ್ತದೆ. ಕಡಲ ಹತ್ತಿರ ಮನೆ ಇರುವವರು ಚಾರ್ಜಿಂಗ್ ಡಾಕಿನ ಹೊಳೆಯುವ ಪಿನ್ನುಗಳನ್ನು ಆಗಾಗ ಒಣಬಟ್ಟೆಯಲ್ಲಿ ಒರೆಸಿ.

ಇಡುವುದಕ್ಕೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಿಸುವ ನೀಲಿ ಹರಳಿನದ್ದಾದರೆ ಗೊತ್ತಾಗುತ್ತದೆ, ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿತು ಅಂತ ಅರ್ಥ. ಬಿಸಿ ಮಾಡಿ ಒಣಗಿಸಿದರೆ ಪುನಃ ನೀಲಿ ಆಗುತ್ತದೆ. ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ, ಆ ನೀಲಿ ಬಣ್ಣ ವಿಷದ್ದು. ಅಕ್ಕಿ ಡಬ್ಬದಲ್ಲಿ ಹೂತಿಡುವುದು ಬೇಡ, ಅಕ್ಕಿಯ ಧೂಳು ಗುಂಡಿಗಳ ಸಂದಿಗೆ ಹೋಗುತ್ತದೆ.

ಗುಡುಗು ಮಿಂಚು ಬಂದರೆ ಡಾಕ್, ಚಾರ್ಜರ್ ಎಲ್ಲ ಪ್ಲಗ್‌ನಿಂದ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಅಕ್ಟೋಬರ್, ನವೆಂಬರ್ ಸಂಜೆಯ ಸಿಡಿಲು ಎಂಥದ್ದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲಿ ಕೊಳ್ಳುವುದು? ಕಾಸರಗೋಡಿನಲ್ಲಾ, ಮಂಗಳೂರಿನಲ್ಲಾ, ಆನ್‌ಲೈನಾ?

ಕೈಯಲ್ಲಿ ಹಿಡಿದು ನೋಡಲು ಮಂಗಳೂರಿಗೆ ಹೋಗಿ, ರೈಲು ಹತ್ತಿದರೆ ದೂರ ಏನಲ್ಲ. ಕೈ ಸಣ್ಣ ಇರುವವರಿಗೆ ಇದು ಮುಖ್ಯ, ಚಿತ್ರ ನೋಡಿ ಗಾತ್ರ ಗೊತ್ತಾಗುವುದಿಲ್ಲ. ಆದರೆ ಮ್ಯಾಗ್ನೆಟ್ ಸ್ಟಿಕ್ಕಿನ ಮಾಡೆಲ್‌ಗಳು ಅಂಗಡಿಯಲ್ಲಿ ಕಮ್ಮಿ, ಕೊನೆಗೆ ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಆಗ ಎರಡು ವಿಷಯ. ವಾರಂಟಿ ಭಾರತದ್ದಾ ಅಂತ ನೋಡಿ, ಇಂಪೋರ್ಟ್ ಮಾಡಿ ಮಾರುವ ಸಣ್ಣ ವ್ಯಾಪಾರಿಗಳು ಎಷ್ಟೋ ಸಲ ಏನೂ ಕೊಡುವುದಿಲ್ಲ. ಪಿನ್‌ಕೋಡ್ ಹಾಕಿ ರಿಪ್ಲೇಸ್‌ಮೆಂಟ್ ನಮ್ಮ ಊರಿಗೆ ಉಂಟಾ ಅಂತಲೂ ಮೊದಲೇ ನೋಡಿ. ಮುಳ್ಳೇರಿಯಾ, ಪೆರ್ಲ ಕಡೆಗೆ ಡೆಲಿವರಿ ಇದ್ದರೂ ವಾಪಸು ತಗೊಳ್ಳಲು ಬರುವುದಿಲ್ಲ ಅಂತ ದೂರು ಕೇಳಿದ್ದೇನೆ. ಅಲಿಎಕ್ಸ್‌ಪ್ರೆಸ್ ಅಂತೂ 2020ರ ನವೆಂಬರ್‌ನಲ್ಲಿ ನಮ್ಮಲ್ಲಿ ನಿಷೇಧ ಆಗಿದೆ.

ಬಂದ ದಿನವೇ ಪೆಟ್ಟಿಗೆ ತೆರೆಯುವುದನ್ನು ವೀಡಿಯೋ ಮಾಡಿ. ಅದೇ ದಿನ ಬ್ರೌಸರಿನಲ್ಲಿ ಗೇಮ್‌ಪ್ಯಾಡ್ ಟೆಸ್ಟರ್ ಅಂತ ಹುಡುಕಿ ತೆರೆದು ಕಂಟ್ರೋಲರ್ ಜೋಡಿಸಿ. ಸ್ಟಿಕ್ ಬಿಟ್ಟಾಗ ಅಂಕಿ ಸೊನ್ನೆಯ ಹತ್ತಿರ ನಿಲ್ಲಬೇಕು. ಮೆಲ್ಲಗೆ ಅಂಚಿನ ಸುತ್ತ ತಿರುಗಿಸಿದರೆ ವೃತ್ತ ಸರಿಯಾಗಿ ಮೂಡಬೇಕು. ಟ್ರಿಗರನ್ನು ನಿಧಾನ ಒತ್ತಿದ ಹಾಗೆ ಅಂಕಿ ಒಂದೇ ಸಮನೆ ಏರಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರೂ ಇದನ್ನೇ ಮಾಡಿ, ಮಾರುವವರ ಎದುರಿಗೇ ಮಾಡಿ.

ರಜೆಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ಅಜ್ಜನ ಮನೆಗೆ ಬರುತ್ತಾರೆ. ಒಂದೇ ಕಂಪ್ಯೂಟರಿಗೆ ಎಷ್ಟು ಕಂಟ್ರೋಲರ್ ಹಾಕಬಹುದು?

ಎಕ್ಸ್‌ಇನ್‌ಪುಟ್‌ನಲ್ಲಿ ನಾಲ್ಕು. ಹೆಚ್ಚಿನ ಬೇರೆ ಕಂಪನಿಯವುಗಳಿಗೆ ಒಂದು ಕಂಟ್ರೋಲರಿಗೆ ಒಂದು ಡಾಂಗಲ್ ಬೇಕು, ಹಾಗಾಗಿ ಪೋರ್ಟು ಎಷ್ಟಿದೆ ಎಣಿಸಿಕೊಳ್ಳಿ. ಎಲ್ಲರಿಗೂ ದುಬಾರಿಯದ್ದು ಬೇಡ. ನಿಮಗೊಂದು ಒಳ್ಳೇದು, ಮಕ್ಕಳಿಗೆ ವೈರಿನದ್ದು ಸಾಕು. ಚಾರ್ಜಿಗೋಸ್ಕರ ಜಗಳವೂ ಆಗುವುದಿಲ್ಲ.

ಇರುವ ಕಂಟ್ರೋಲರಿಗೇ ಹಾಲ್ ಅಥವಾ ಟಿಎಂಆರ್ ಸ್ಟಿಕ್ ಹಾಕಬಹುದಾ?

ಹಾಕಬಹುದು. ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್, ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಿಗೆ ಸರಿಯಾಗಿ ಕೂರುವ ಮಾಡ್ಯೂಲ್‌ಗಳನ್ನು ಗುಲಿಕಿಟ್‌ನಂಥವರು ಮಾಡುತ್ತಾರೆ. ಆದರೆ ಬೆಸುಗೆ ಕೆಲಸ ಇದೆ. ಒಂದು ಸ್ಟಿಕ್ ಮಾಡ್ಯೂಲಿಗೆ ಬೋರ್ಡಿನಲ್ಲಿ 14 ಕಾಲು: ಎರಡು ಪೊಟೆನ್ಷಿಯೋಮೀಟರಿಗೆ ಮೂರು ಮೂರು, ಒತ್ತುವ ಗುಂಡಿಗೆ ನಾಲ್ಕು, ಲೋಹದ ಚೌಕಟ್ಟನ್ನು ಹಿಡಿಯಲು ನಾಲ್ಕು. ಎರಡು ಸ್ಟಿಕ್ಕಿಗೆ 28.

ಬೆಸುಗೆ ಹಾಕುವುದು ಸುಲಭ, ಕೀಳುವುದು ಕಷ್ಟ. ಕಂಪನಿಯವರು ಹಾಕಿದ ಸೀಸವಿಲ್ಲದ ಬೆಸುಗೆ ಬೇಗ ಕರಗುವುದಿಲ್ಲ. ಚೌಕಟ್ಟಿನ ನಾಲ್ಕು ಕಾಲುಗಳು ಬೋರ್ಡಿನ ಗ್ರೌಂಡಿಗೆ ಸೇರಿರುತ್ತವೆ, ಅಲ್ಲಿಗೆ ಎಷ್ಟು ಬಿಸಿ ಕೊಟ್ಟರೂ ತಾಮ್ರದ ಪದರ ಎಳೆದುಕೊಳ್ಳುತ್ತದೆ. ಫ್ಲಕ್ಸ್ ಹಚ್ಚಿ, ಪ್ರತಿ ಕಾಲಿಗೂ ಸ್ವಲ್ಪ ಸೀಸದ ಬೆಸುಗೆ ಸೇರಿಸಿ ಕರಗಿಸಿ, ಆಮೇಲೆ ಪಂಪಿನಿಂದ ಎಳೆಯಬೇಕು. ರಂಧ್ರದ ಆಚೆಯಿಂದ ಬೆಳಕು ಕಂಡರೆ ಆ ಕಾಲು ಬಿಟ್ಟಿತು ಅಂತ ಲೆಕ್ಕ. ಒಂದು ಕಾಲು ಹಿಡಿದಿದ್ದರೂ ಜಗ್ಗಬೇಡಿ. ಜಗ್ಗಿದರೆ ರಂಧ್ರದ ಒಳಗಿನ ತಾಮ್ರ ಕಿತ್ತು ಬರುತ್ತದೆ, ಅದನ್ನು ಸರಿಮಾಡಲು ಸಪೂರ ತಂತಿ ಎಳೆಯಬೇಕಾಗುತ್ತದೆ.

ನಿಮಗೆ ಕೈ ಪಳಗಿಲ್ಲ ಅಂದರೆ ಫೋನ್ ರಿಪೇರಿ ಅಂಗಡಿಗೆ ಕೊಡಿ. ಫೋನಿನ ಚಾರ್ಜಿಂಗ್ ಪೋರ್ಟ್ ಬದಲಿಸುವವರಿಗೆ ಇದು ದೊಡ್ಡ ಕೆಲಸ ಅಲ್ಲ. ಮಾಡ್ಯೂಲ್ ನೀವೇ ತರಿಸಿ ಕೊಡಿ, ಕಂಟ್ರೋಲರಿನ ಮಾಡೆಲ್ ನಂಬರ್ ಹೊಂದುತ್ತದಾ ಎರಡು ಸಲ ನೋಡಿ. ಎಕ್ಸ್‌ಬಾಕ್ಸಿನದ್ದಾದರೆ ನಡುವೆ ತೂತು ಇರುವ ಟಿ8 ಸ್ಕ್ರೂಡ್ರೈವರ್ ಬೇಕು, ಅಂಗಡಿಯಲ್ಲಿ ಇರುತ್ತದೆ ಅಂತ ನಂಬಿ ಹೋಗಬೇಡಿ. ಹಾಕಿದ ಮೇಲೆ ಕ್ಯಾಲಿಬ್ರೇಷನ್ ಮಾಡಲೇಬೇಕು. ಇಲ್ಲದಿದ್ದರೆ ಹೊಸ ಸ್ಟಿಕ್ಕೂ ಒಂದು ಕಡೆ ವಾಲಿಕೊಂಡೇ ಇರುತ್ತದೆ, 'ಹಾಲ್ ಹಾಕಿಯೂ ಡ್ರಿಫ್ಟ್' ಅಂತ ಬೇಜಾರು.

ಇಷ್ಟು ಮಾಡುವುದು ಯಾವಾಗ ಲಾಭ? ಕಂಟ್ರೋಲರ್ ದುಬಾರಿಯದ್ದಾಗಿದ್ದು, ಉಳಿದದ್ದೆಲ್ಲ ಚೆನ್ನಾಗಿದ್ದರೆ. 1,500 ರೂಪಾಯಿಯ ಕಂಟ್ರೋಲರಿಗೆ ಮಾಡ್ಯೂಲ್, ಕೂಲಿ ಎಲ್ಲ ಸೇರಿಸಿದರೆ ಹೊಸತರ ಹತ್ತಿರ ಬರುತ್ತದೆ. ಅದಕ್ಕೆ ಬೇಡ.

ಬೆಸುಗೆ ಇಲ್ಲದೆ ಮಾಡಬಹುದಾದ ಅಪ್‌ಗ್ರೇಡ್ ಏನೆಲ್ಲ ಉಂಟು?

ಸ್ಟಿಕ್ಕಿನ ಟೊಪ್ಪಿ ಎತ್ತರ ಮಾಡಿದರೆ ಗುರಿ ಇಡಲು ಸುಲಭ, ಬಲಗಡೆಗೆ ಮಾತ್ರ ಹಾಕಿ ನೋಡಿ. ಸ್ಟಿಕ್ಕಿನ ಬುಡದಲ್ಲಿ ಬಿಳಿ ಪುಡಿ ಕಾಣುತ್ತಿದ್ದರೆ ಪ್ಲಾಸ್ಟಿಕ್ ಉಜ್ಜಿ ಸವೆಯುತ್ತಿದೆ ಅಂತ ಅರ್ಥ, ಕಮ್ಮಿ ಬೆಲೆಯ ರಿಂಗ್ ಸಿಗುತ್ತದೆ. ಗುಂಡಿ ಒತ್ತಿದ್ದು ತಗೊಳ್ಳದಿದ್ದರೆ ಒಳಗಿನ ರಬ್ಬರ್ ಪ್ಯಾಡ್ ಬದಲಿಸಿ ಅಥವಾ ಆಲ್ಕೋಹಾಲಿನಲ್ಲಿ ಒರೆಸಿ. ಬಾಗಿಲ ತಿರುಗಣಿಗೆ ಹಾಕುವ ಸ್ಪ್ರೇ ಸುಮ್ನೆ ಒಳಗೆ ಹೊಡೆಯಬೇಡಿ, ಅದರ ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಬೇರೆ.

ದುಡ್ಡೇ ಬೇಡದ ಅಪ್‌ಗ್ರೇಡ್ ಫರ್ಮ್‌ವೇರ್. ಕಂಪನಿಯ ಆ್ಯಪ್ ಹಾಕಿ, ವೈರ್ ಜೋಡಿಸಿ ಮಾಡಿ. ಕರೆಂಟು ಹೋಗಿಬರುವ ಹೊತ್ತಿನಲ್ಲಿ ಡೆಸ್ಕ್‌ಟಾಪಿನಲ್ಲಿ ಶುರು ಮಾಡಬೇಡಿ, ಯುಪಿಎಸ್ ಅಥವಾ ಲ್ಯಾಪ್‌ಟಾಪ್ ಇರಲಿ. ಡಾಂಗಲ್ಲಿಗೆ ಬೇರೆ ಅಪ್‌ಡೇಟ್ ಇದ್ದರೆ ಅದನ್ನೂ ಮಾಡಿ, ಬಹಳ ಜನ ಅದನ್ನು ಬಿಡುತ್ತಾರೆ.

ಉದ್ದದ ಮಾತು ಬೇಡ. ಯಾವುದು ತಗೊಳ್ಳಲಿ ಹೇಳಿ?

ಕಂಪ್ಯೂಟರಿಗೆ, ಕಮ್ಮಿ ಖರ್ಚಿನಲ್ಲಿ: ಏಟ್‌ಬಿಟ್‌ಡೋ ಅಲ್ಟಿಮೇಟ್ 2ಸಿ ವೈರ್‌ಲೆಸ್. ಸ್ಟಿಕ್, ಟ್ರಿಗರ್ ಎರಡೂ ಹಾಲ್, ಡಾಂಗಲ್‌ನಲ್ಲೂ 1000 ಹರ್ಟ್ಸ್, ಮೇಲ್ಗಡೆ ಎರಡು ಹೆಚ್ಚುವರಿ ಗುಂಡಿ. ಕಂಪ್ಯೂಟರ್, ಫೋನ್, ಸ್ವಿಚ್ ಎಲ್ಲಕ್ಕೂ ಒಂದೇ ಬೇಕು, ಜೈರೋ ಬೇಕು ಅಂದರೆ ಗೇಮ್‌ಸರ್ ಸೈಕ್ಲೋನ್ 2, ಅದರಲ್ಲಿ ಟಿಎಂಆರ್ ಸ್ಟಿಕ್ಕು. ಕಂಪ್ಯೂಟರಿಗೆ, ಡಾಕ್ ಕೂಡ ಬೇಕೆಂದರೆ ಏಟ್‌ಬಿಟ್‌ಡೋ ಅಲ್ಟಿಮೇಟ್ 2. ಪಿಎಸ್5 ಇರುವವರು ಡ್ಯುಯಲ್‌ಸೆನ್ಸ್‌ನಲ್ಲೇ ಇರಿ, ವಾರಂಟಿ ಮುಗಿದು ಡ್ರಿಫ್ಟ್ ಬಂದಾಗ ಟಿಎಂಆರ್ ಮಾಡ್ಯೂಲ್ ಹಾಕಿಸಿ. 2,000 ರೂಪಾಯಿಯ ಒಳಗೆ ಆಗಬೇಕೆಂದರೆ ನಮ್ಮ ದೇಶದ ಕಂಪನಿಗಳಲ್ಲಿ ಹುಡುಕಿ, ಆದರೆ ಪೆಟ್ಟಿಗೆಯ ಮೇಲೆ ಹಾಲ್ ಎಫೆಕ್ಟ್ ಸ್ಟಿಕ್ ಅಂತ ಸ್ಪಷ್ಟವಾಗಿ ಇರಲಿ. ಟ್ರಿಗರ್ ಮಾತ್ರ ಹಾಲ್ ಇಟ್ಟು, ಹಾಲ್ ಅಂತ ದೊಡ್ಡಕ್ಷರದಲ್ಲಿ ಬರೆಯುವವರೂ ಇದ್ದಾರೆ.

ಹಳೇ ಕಂಟ್ರೋಲರ್ ಏನು ಮಾಡಲಿ?

ಬಿಸಾಡಬೇಡಿ. ಅದೇ ಮಾಡೆಲ್ ಇರುವ ಯಾರಿಗಾದರೂ ಗುಂಡಿ, ಮೋಟರ್, ಸ್ಪ್ರಿಂಗ್ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಕಸದ ಜೊತೆ ಸುಡಲಂತೂ ಬೇಡ. ಕನೆಕ್ಟರ್ ಬಿಡಿಸಿ, ತುದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಬೇರೆಯಾಗಿ ಇಡಿ. ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಮನೆಗೆ ಬಂದಾಗ ಇ-ತ್ಯಾಜ್ಯ ಯಾವಾಗ ತಗೊಳ್ಳುತ್ತೀರಿ ಅಂತ ಕೇಳಿ ಅವರಿಗೇ ಕೊಡಿ.